ಕಮಾನಿನ ಕಲ್ಲು

2025ರ ಜುಲೈ 15, ಮಂಗಳವಾರ. ಬೆಳಗಿನ ಒಂಬತ್ತೂವರೆಗೆ ಪುಣೆಯ ಹಿಂಜವಾಡಿ ಪೊಲೀಸ್ ಠಾಣೆಗೆ ಬಂದ ಹೆಂಗಸು ಒದ್ದೆ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ ಒಳಗೆ ಬಂದಳು. ಹೆಸರು ಕಲ್ಲವ್ವ, ಊರು ಯಾದಗಿರಿ ಕಡೆ, ಕೆಲಸ ಕಟ್ಟಡದ ಮೇಲೆ ಗಾರೆ ಹೊರುವುದು. ಇಷ್ಟನ್ನು ಮರಾಠಿಯಲ್ಲಿ ಹೇಳಿದಳು. ಆಮೇಲೆ ಮರಾಠಿ ಸಾಲಲಿಲ್ಲ.

"ಕನ್ನಡದಾಗ ಹೇಳ್ರಿ ಬಾಯಿ," ಎಂದ ಹವಾಲ್ದಾರ ದೇವಾನಂದ. "ನಾ ಅಕ್ಕಲಕೋಟದಂವ."

ಕಲ್ಲವ್ವ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. "ನಮ್ಮ ವೈನಿಗೆ, ನಮ್ಮಣ್ಣನ ಹೇಣ್ತಿಗಿ, ವಿಷಾ ಹಾಕಿ ಕೊಂದಾಳ್ರಿ."

"ಯಾರು?"

"ಸೊಸಿ. ದುರ್ಗಾ ಅಂತ. ನಿನ್ನಿ ಸೋಮವಾರ. ನಮ್ಮ ಮನ್ಯಾಗ ಸೋಮವಾರ ತತ್ತಿ ಸೈತ ಒಡಿಯಂಗಿಲ್ಲ. ನಾ ಹೋಗಿ ಬಾಗಲಾ ತಗದ್ರ ಖೋಲಿ ತುಂಬ ಮೀನಿನ ನಾತ. ವೈನಿ ನೆಲದ ಮ್ಯಾಲ ಬಿದ್ದು ಮೀನಿನಂಗs ಬಾಯಿ ಬಿಡ್ಲಿಕ್ಹತ್ತಿದ್ಲು."

"ಸೊಸಿ ಎಲ್ಲಿದ್ಲು?"

"ಅಕಿನೂ ಬಾಜೂಕ ಬಿದ್ದಿದ್ಲು. ನಾಟಕಾ. ಭೀಮಾ ದಂಡಿ ಮೀನಗಾರರ ಹುಡುಗಿ ಅದ. ನಮ್ಮ ಅವ್ವಣ್ಣ ಪಿರೂತಿ ಮಾಡಿ ತಂದಾನ. ತಂದ ದಿನದಿಂದ ಹೇಳ್ಕೋತ ಬಂದೀನಿ, ನಮ್ಮ ಒಲಿಗೂ ಅಕಿ ಕೈಗೂ ಕೂಡೂದಿಲ್ಲ ಅಂತ."

ಒಳಗಿನ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ನೀಲಿಮಾ ಬಿರಾಜದಾರ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಜತ್ತ ತಾಲೂಕಿನವಳು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಿಟ್ಟಿನಲ್ಲಿ ಎರಡೂ. ಅವಳು ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದಳು.

"ಮೀನು ನೋಡಿದ್ರೇನು?"

"ನಾತ ಬಂತ್ರಿ."

"ಮೀನು ನೋಡಿದ್ರೇನು?"

ಕಲ್ಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಲ್ಲ."

ಮೃತಳು ಸಕ್ಕುಬಾಯಿ, ಮನೆಗೆಲಸದವಳು. ಗಂಡ ಲಾಲಪ್ಪ, ಗೋಡೆ ಕಟ್ಟುವ ಗೌಂಡಿ. ಬೆಳಗಿನ ಜಾವ ಸರಕಾರಿ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು. ಆಕಸ್ಮಿಕ ಮರಣ ಎಂದು ದಾಖಲಿಸಿಕೊಂಡು, ಶವಪರೀಕ್ಷೆಗೆ ಪತ್ರ ಬರೆದು, ನೀಲಿಮಾ ಜೀಪು ಹತ್ತಿದಳು. ಕಲ್ಲವ್ವನ ಮಾತು ಚಾಳಿನಲ್ಲಿ ಆಗಲೇ ಹರಡಿತ್ತು. ರಾಂಜಣಗಾಂವದ ಕಾರ್ಖಾನೆಯಿಂದ ರಾತ್ರಿಯೇ ಬಂದಿದ್ದ ಮಗ ಅವ್ವಣ್ಣ, ತಾಯಿಯ ಶವ ಇದ್ದ ಕೋಣೆಯ ಮುಂದೆ ಕೂತಿದ್ದ. ಹೆಂಡತಿ ಇದ್ದ ವಾರ್ಡು ಅದೇ ಮೊಗಸಾಲೆಯ ಆ ತುದಿಗೆ. ಅವನು ಆ ಕಡೆ ಒಮ್ಮೆಯೂ ಹೋಗಿರಲಿಲ್ಲ.

ವೈದ್ಯರು ದಣಿದಿದ್ದರು. ಊಟದ ವಿಷದ ಲಕ್ಷಣ ಇದಲ್ಲ ಎಂದರು. ಹೊಟ್ಟೆಗಿಂತ ಮೊದಲು ಉಸಿರು ಹಿಡಿದಿದೆ, ಚಳಿ ಜ್ವರ ಬಂದಿದೆ, ಆಮೇಲೆ ಹೃದಯ ತಾಳ ತಪ್ಪಿದೆ. ಸಕ್ಕುಬಾಯಿ ಮೊದಲು ಭೋಸರಿಯ ಎರಕದ ಕಾರ್ಖಾನೆಯಲ್ಲಿ ದುಡಿದವಳು, ಶ್ವಾಸಕೋಶ ಆಗಲೇ ಅರ್ಧ ಸೋತಿತ್ತು. ಇಬ್ಬರೂ ಏನನ್ನೋ ಉಸಿರಾಡಿದ್ದಾರೆ. ಏನನ್ನು ಎಂದು ತಮಗೆ ಗೊತ್ತಿಲ್ಲ.

ದುರ್ಗಾಳ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದ್ದರು. ಮಾತಾಡುವಾಗ ಅದನ್ನು ಎತ್ತಿ, ಮುಗಿದ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನೀಲಿಮಾ ಕೇಳಿದಳು.

"ಏನು ಅಡಿಗಿ ಮಾಡಿದ್ದಿ?"

"ರೊಟ್ಟಿ. ಪುಂಡಿ ಪಲ್ಯ."

"ಮೀನು?"

"ಸೋಮವಾರ ಯಾರರೆ ಮೀನ ಮಾಡ್ತಾರೇನ್ರಿ? ಈ ಮನಿಗಿ ಬಂದ ಮ್ಯಾಲ ಐತವಾರ ಸೈತ ಮಾಡಿಲ್ಲ ನಾ."

"ಮತ್ತ ನಾತ?"

"ಅತ್ತಿ ಕಲ್ಲ ಕುದಸ್ಲಿಕ್ಹತ್ತಿದ್ರು." ಮುಸುಕು ಇಟ್ಟಳು, ತೆಗೆದಳು. "ಬಾಯಾಗ ತಾಮ್ರದ ದುಡ್ಡ ಇಟ್ಕೊಂಡಂಗ ಆತು."

ಹೊರಗೆ ಬಂದಾಗ ದೇವಾನಂದ ತಲೆಯಾಡಿಸಿದ. "ಕಲ್ಲ ಕುದಿಸಿದ್ರಂತ. ಜ್ವರದಾಗ ಬಡಬಡಸ್ತಾಳ ಮೇಡಂ. ಇಲ್ಲಾ ಸುಳ್ಳ ಹೇಳ್ತಾಳ."

"ಸುಳ್ಳು ಹೇಳೂದಿದ್ರ ಇದಕ್ಕಿಂತ ಚಂದಂದು ಹೇಳ್ತಿದ್ಲು," ಎಂದಳು ನೀಲಿಮಾ.

ಮಧ್ಯಾಹ್ನ ಹನ್ನೆರಡೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ತಗಡಿನ ಪತ್ರಾ ಹೊದಿಸಿದ ಖೋಲಿ, ಒಂದೇ ಬಾಗಿಲು, ಕಿಟಕಿ ಇಲ್ಲ. ಹಿಂದಿನ ಐಟಿ ಕಟ್ಟಡದ ಗಾಜು ಈ ಸಾಲಿನ ಮೇಲೆ ಮಳೆಗಾಲದಲ್ಲೂ ಒಂದು ಬಿಳಿ ಬೆಳಕು ಎಸೆಯುತ್ತಿತ್ತು. ಪಂಚರಾಗಿ ಪಕ್ಕದ ಖೋಲಿಯ ಇಬ್ಬರು ನಿಂತರು. ಬಾಗಿಲು ನಿನ್ನೆ ಸಂಜೆಯಿಂದ ತೆರೆದೇ ಇತ್ತು, ಮಳೆ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಆದರೂ ದೇವಾನಂದ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ. ನೀಲಿಮಾ ಕಟ್ಟಿಕೊಳ್ಳಲಿಲ್ಲ, ಅವನು ಎರಡು ಸಲ ಹೇಳಿದ ಮೇಲೆ ಕಟ್ಟಿಕೊಂಡಳು.

ಹೊರಗಿನ ಮೂರುಕಲ್ಲಿನ ಒಲೆಯಲ್ಲಿ ಅರ್ಧ ಉರಿದ ಕಟ್ಟಿಗೆ, ನೆಂದ ಬೂದಿ. ಒಳಗೆ ಗ್ಯಾಸಿನ ಒಲೆಯ ಮೇಲೆ ಸ್ನಾನದ ನೀರಿನ ಹಂಡೆ. ಅಂದರೆ ಹೊರಗೆ ಹಚ್ಚಿ, ಮಳೆ ಬಂದದ್ದಕ್ಕೆ ಒಳಗೆ ತಂದು, ಎರಚಲು ಬಾರದಂತೆ ಬಾಗಿಲು ಮುಚ್ಚಿದ್ದಾರೆ. ಹಂಡೆಯ ಒಳಮೈಯಲ್ಲಿ ಸುತ್ತಲೂ ಒಂದು ಬಿಳಿ ಗೆರೆ. ರೊಟ್ಟಿ ಬುಟ್ಟಿಯಲ್ಲಿ ರೊಟ್ಟಿ, ಪಾತ್ರೆಯಲ್ಲಿ ಪುಂಡಿ ಪಲ್ಯ. ಕಸದಲ್ಲಿ ಮೀನಿನ ಒಂದು ಮುಳ್ಳೂ ಇಲ್ಲ.

"ಬಿಳೇದು ಏನದು?" ಎಂದಳು ನೀಲಿಮಾ.

ದೇವಾನಂದ ಬಗ್ಗಿದ. "ಉಪ್ಪು ಇದ್ದಂಗ ಅದ."

ಹಿಂದಿನ ಗೋಡೆಗೆ ಒರಗಿಸಿ, ಬುಟ್ಟಿಯೊಂದನ್ನು ಬೋರಲು ಹಾಕಿದ್ದರು. ಅದರ ಕೆಳಗೆ, ತೊಳೆದು ಆರಲಿಟ್ಟ ಕಲ್ಲುಗಳು. ತೂತು ತೂತು, ಎಲುಬಿನಷ್ಟು ಬಿಳಿ. ಪುಣೆಯ ಕರಿಕಲ್ಲಿನ ನೆಲದಲ್ಲಿ ಇಂಥವು ಹುಟ್ಟುವುದಿಲ್ಲ. ಒಂದು ಕಲ್ಲು ಬಾಗಿ, ದೇವರ ಗೂಡಿನ ಕಮಾನಿನಂತಿತ್ತು.

ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದ ಲಾಲಪ್ಪನನ್ನು ನೀಲಿಮಾ ಕೇಳಿದಳು. "ಇವು ಎಲ್ಲಿವು ಕಾಕಾ?"

"ಸಾಹೇಬ್ರ ಮನಿವು. ನಿನ್ನಿ ಮುಂಜಾನಿ ತಂದಿದ್ಲು. ನಾ ಕೆಲಸಕ್ಕ ಹೋಗೂ ಹೊತ್ತಿಗಿ ಬಕೀಟ ಹೊತ್ಕೊಂಡು ಬರ್ಲಿಕ್ಹತ್ತಿದ್ಲು. ಏನವ ಇದು, ಕಲ್ಲಿನ ಪಲ್ಯ ಮಾಡಾಕಿ ಏನ ಅಂದೆ ನಾ." ಅವನ ತುಟಿ ಒಂದು ಕಡೆ ಎಳೆಯಿತು. "ನಿಮ್ಮಪ್ಪಗ ಉಣಸ್ತೀನಿ ಅಂದ್ಲು."

"ಯಾವ ಸಾಹೇಬ್ರು?"

"ಹೆಸರ ಗೊತ್ತಿಲ್ರಿ. ಅಕಿ ಆ ಮನಿಗಿ ಸಮುದ್ರ ಸಾಕಿದ ಮನಿ ಅಂತಿದ್ಲು. ರಾತ್ರಿ ಎಲ್ಲಾ ಅಕಿ ಫೋನ್ ಹೊಡಕೊಳ್ಳಿಕ್ಹತ್ತಿತ್ತು. ನಾ ಎತ್ತಲಿಲ್ಲ. ಎತ್ತಿ ಏನ ಹೇಳ್ಲಿ?"

ಫೋನಿನಲ್ಲಿ ತಪ್ಪಿದ ಕರೆಗಳೆಲ್ಲ ಒಂದೇ ನಂಬರಿನಿಂದ ಬಂದಿದ್ದವು.

ಸಮುದ್ರ ಸಾಕಿದ ಮನೆ ಹದಿನಾಲ್ಕನೇ ಮಹಡಿಯಲ್ಲಿತ್ತು. ಬಾಗಿಲು ತೆರೆದವನು ಮಿಥುನ, ಮೂವತ್ತೈದರ ಆಸುಪಾಸು, ಸಾಫ್ಟ್‌ವೇರ್ ಕೆಲಸ, ಹಾಸನದವನು. ಸಮವಸ್ತ್ರ ನೋಡಿ ಇಂಗ್ಲಿಷಿನಲ್ಲಿ ಶುರುಮಾಡಿದ, ನೀಲಿಮಾಳ ಮರಾಠಿ ಕೇಳಿ ಹಿಂದಿಗೆ ಬಂದ.

"ಕನ್ನಡ ನಡೀತದ್ರಿ," ಎಂದಳು ಅವಳು.

"ಓ. ನೀವು ನಮ್ಮೋರಾ ಮೇಡಂ?"

ಅವಳು ಒಳಗೆ ಹೆಜ್ಜೆ ಇಟ್ಟಳು. ಹಜಾರದ ಒಂದು ಗೋಡೆ ಇಡೀ ನೀರು. ಎತ್ತರದ ಮನುಷ್ಯ ಮಲಗುವಷ್ಟು ಉದ್ದದ ಗಾಜಿನ ತೊಟ್ಟಿ, ಮೇಲೆ ನೀಲಿ ದೀಪ. ಆ ಬೆಳಕಿನಲ್ಲಿ ಹವಳಗಳು ಒಳಗಿನಿಂದ ಉರಿಯುವಂತೆ ಹಸಿರು, ಕಿತ್ತಳೆ, ನೇರಳೆ. ಕೆಲವು ಬೆರಳುಗಳ ಹಾಗೆ, ಕೆಲವು ಅಣಬೆಗಳ ಹಾಗೆ ಇದ್ದು, ಅಲೆ ಬಂದಾಗ ಎಲ್ಲವೂ ಒಟ್ಟಿಗೆ ಬಾಗಿ, ಒಟ್ಟಿಗೆ ಎದ್ದು ನಿಲ್ಲುತ್ತಿದ್ದವು. ಕೆಳಗೆ ಎಲ್ಲೋ ಪಂಪು ಗುಂಯ್‌ಗುಡುತ್ತಿತ್ತು. ದೇವಾನಂದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾಕೆ ತೆಗೆದೆನೆಂದು ಅವನಿಗೇ ತಿಳಿಯಲಿಲ್ಲ.

ತೊಟ್ಟಿಯ ನಡುವೆ ಒಂದು ಜಾಗ ಖಾಲಿ ಇತ್ತು. ಎರಡು ದಿಬ್ಬ, ನಡುವೆ ಏನೂ ಇಲ್ಲ.

"ಸಕ್ಕುಬಾಯಿ ಇವತ್ತು ಬಂದಿಲ್ಲ," ಎಂದ ಮಿಥುನ, ಯಾರೂ ಕೇಳುವ ಮೊದಲೇ. "ಫೋನ್ ಮಾಡ್ದೆ, ಎತ್ಲಿಲ್ಲ."

"ರಾತ್ರಿ ಎಲ್ಲಾ ಮಾಡೀರಿ."

"ಇಲ್ಲ... ಒಂದೆರಡು ಸಲ."

"ಯಾಕ?"

"ಸುಮ್ನೆ. ಬರ್ತಾರೋ ಇಲ್ವೋ ಅಂತ."

"ಅವ್ರು ತೀರ್ಕೊಂಡ್ರು."

ಮಿಥುನ ಕುಳಿತ. ಕುಳಿತದ್ದು ಕುರ್ಚಿಯ ಮೇಲಲ್ಲ, ಕ್ಯಾಮೆರಾದ ಮುಕ್ಕಾಲಿಯ ಪಕ್ಕ, ನೆಲದ ಮೇಲೆ. ಆ ಮುಕ್ಕಾಲಿಯ ಕಾಲುಗಳು ನೆಲಕ್ಕೆ ಅಂಟಿಸಿದ ಮೂರು ಕರಿ ಟೇಪಿನ ಗುರುತುಗಳ ಮೇಲೆ ನಿಂತಿದ್ದನ್ನು ನೀಲಿಮಾ ಗಮನಿಸಿದಳು. ಟೇಪು ಹಳೆಯದು, ಅಂಚು ಸವೆದಿತ್ತು.

"ಕಲ್ಲು ನೀವು ಕೊಟ್ರೇನು?"

"ಹೌದು. ತೊಳ್ದು ತನ್ನಿ ಅಂದೆ. ಅಷ್ಟೇ."

"ಕುದಿಸಂತ ಅಂದ್ರೇನು?"

"ಇಲ್ಲ. ಅವರೇ ಏನೋ..." ಅವನು ತೊಟ್ಟಿಯ ಕಡೆ ನೋಡಿದ. "ಮೇಲೆ ಒಂದು ತರ ಹವಳ ಹಬ್ಬಿತ್ತು. ಬಟನ್ ಅಂತೀವಿ. ಕಳೆ ಇದ್ದ ಹಾಗೆ, ಪಕ್ಕದ್ದನ್ನೆಲ್ಲ ಮುಚ್ಚಿ ಸಾಯಿಸುತ್ತೆ. ಅದಕ್ಕೆ ತೆಗೆದೆ."

"ಮನ್ಯಾಗ ಮತ್ಯಾರು ಇರ್ತಾರ?"

"ವೈಫ್ ಇಂಪನಾ, ಮಗಳು ಚಿನ್ನು. ಬಾಣೇರಲ್ಲಿ ಇಂಪನಾ ಅಣ್ಣನ ಮನೆ ಇದೆ, ಅಭಿಲಾಷ ಅಂತ. ಅಲ್ಲಿ ಹೋಗಿದಾರೆ."

"ಯಾವಾಗ ಹೋದ್ರು?"

"ಭಾನುವಾರ ಸಂಜೆ."

"ಕಲ್ಲು ತಗದದ್ದು?"

"ಸೋಮವಾರ ಬೆಳಿಗ್ಗೆ."

ನೀಲಿಮಾ ಪೆನ್ಸಿಲಿನಿಂದ ಬರೆದುಕೊಂಡಳು. ಇಳಿಯುವಾಗ ಲಿಫ್ಟಿನಲ್ಲಿ ದೇವಾನಂದ ಹೇಳಿದ: "ನಮ್ಮ ಚಾಳಿನಾಗ ಎರಡ ದಿನಕ್ಕೊಮ್ಮೆ ಟ್ಯಾಂಕರ್ ಬರ್ತದ ಮೇಡಂ. ಈ ಮನಷಾ ನೀರಿಗೆ ಕರೆಂಟಿನ ಲೈಟ್ ಹಚ್ಚ್ಯಾನ." ಅವಳು ನಗಲಿಲ್ಲ. ಅವನೂ ನಗುವುದಕ್ಕೆ ಹೇಳಿರಲಿಲ್ಲ.

ಬುಧವಾರ ಬೆಳಿಗ್ಗೆ ಔಂಧದಲ್ಲಿ ಅಶ್ವಿತ್‌ನನ್ನು ಭೇಟಿಯಾದರು. ಮಿಥುನನಿಗೆ ಮೊದಲ ಹವಳಗಳನ್ನು ಕೊಟ್ಟ ಗೆಳೆಯ, ಮಂಗಳೂರಿನವನು, ಅವನ ಮನೆಯಲ್ಲೂ ಒಂದು ತೊಟ್ಟಿ. ವಿಷಯ ಕೇಳಿದವನೇ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿ ಬಂದ, ಹೆಂಡತಿಗೆ ಕೇಳಿಸದಿರಲಿ ಎಂಬಂತೆ.

"ಕುದಿಸಿದ್ರಾ?" ಎಂದ. "ಕುದಿಸಿದ್ರಾ ಅದನ್ನ?"

"ಕುದಿಸಿದ್ರ ಏನಾಗ್ತದ?"

"ಅದರ ಮೈಯಲ್ಲಿ ವಿಷ ಇದೆ ಮೇಡಂ. ನೀರಲ್ಲಿ ಇರೋವರೆಗೆ ತೊಂದರೆ ಇಲ್ಲ. ಕಾಯಿಸಿದರೆ ಹಬೆಯಲ್ಲಿ ಬರ್ತದೆ. ಕೈಗವಸು ಇಲ್ಲದೆ ಮುಟ್ಟಬೇಡ, ಯಾವತ್ತೂ ಬಿಸಿ ಮಾಡಬೇಡ. ಹವಳದ ರೀಫ್ ಇಡೋವ್ರಿಗೆ ಮೊದಲ ದಿನ ಹೇಳೋದೇ ಇದು. ಮೀನಿನ ಹೆಸರಿಗಿಂತ ಮೊದಲು."

"ಮಿಥುನಗ ಗೊತ್ತಿತ್ತೇನು?"

ಅಶ್ವಿತ್ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದ. "ನಾನೇ ಹೇಳಿಕೊಟ್ಟಿದ್ದು. ಹೋದ ಶನಿವಾರ ಇಲ್ಲಿಗೆ ಬಂದಿದ್ದ. ಆ ಕಮಾನಿಗೆ ಬಟನ್ ಹಬ್ಬಿದೆ, ಏನ್ಮಾಡೋದು ಅಂದ. ಕಲ್ಲನ್ನ ಬಿಸಾಡು ಅಂದೆ. ಬೇರೆ ಕಲ್ಲು ನಾನೇ ಕೊಡ್ತೇನೆ ಅಂದೆ. ಆ ಕಲ್ಲು ಹೋಗೋ ಹಾಗಿಲ್ಲ ಅಂದ."

"ಯಾಕ?"

"ಅವನನ್ನೇ ಕೇಳಿ."

ವೈದ್ಯರು ಅಶ್ವಿತ್‌ನ ಹೇಳಿಕೆ ಓದಿ, ವಿಷಶಾಸ್ತ್ರದವರನ್ನು ವಿಚಾರಿಸಿ, ಲಕ್ಷಣಗಳು ಹೊಂದುತ್ತವೆ ಎಂದು ಬರೆದುಕೊಟ್ಟರು. ಸಂಜೆ ಐದಕ್ಕೆ FIR ಆಯಿತು: ಭಾರತೀಯ ನ್ಯಾಯ ಸಂಹಿತೆ ಕಲಂ 106(1), ನಿರ್ಲಕ್ಷ್ಯದಿಂದ ಮರಣ. ಠಾಣೆಯಲ್ಲೇ ಜಾಮೀನು ಸಿಗುವ ಕಲಂ. ಮಿಥುನನ ವಕೀಲರಿಗೆ ಅದು ಗೊತ್ತಿತ್ತು. ತೊಳೆಯಲು ಕೊಟ್ಟದ್ದು ನಿಜ, ಕುದಿಸಿದ್ದು ಅವಳ ಬುದ್ಧಿ, ಇಷ್ಟರಲ್ಲೇ ಅವರು ನಿಂತರು. ಕುದಿಸು ಎಂದದ್ದನ್ನು ಕೇಳಿಸಿಕೊಂಡವಳು ಒಬ್ಬಳೇ, ಅವಳು ಸತ್ತಿದ್ದಳು. ಮನೆಗೆ ಬಂದು ಅತ್ತೆ ಏನು ಹೇಳಿದರೆಂದು ದುರ್ಗಾ ಹೇಳಬಹುದಿತ್ತು: ಸಾಹೇಬರು ಹೊರಗಿನ ಒಲಿ ಮ್ಯಾಲ ಕುದಿಸಂತ ಅಂದಾರ ಅಂತ. ಆದರೆ ವಿಷ ಹಾಕಿದಳೆಂದು ಮನೆಯವರೇ ದೂರು ಕೊಟ್ಟ ಸೊಸೆಯ ಮಾತು ಅದು. ಕೋರ್ಟಿನಲ್ಲಿ ಎದುರು ವಕೀಲ ಮೊದಲು ಎತ್ತುವ ಕಾಗದ ಕಲ್ಲವ್ವನದೇ.

ಮೀನು ಎಂಬ ಮಾತು ಹೀಗೆ ಇನ್ನೂ ದುರ್ಗಾಳ ಮಂಚದ ಕಾಲಿಗೆ ಕಟ್ಟಿಕೊಂಡೇ ಇತ್ತು.

ಪಂಚನಾಮೆ ಮಾಡಿ ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ವಶಕ್ಕೆ ಪಡೆದರು. ಮಿಥುನ ವಿರೋಧಿಸಲಿಲ್ಲ, ಪಾಸ್‌ವರ್ಡನ್ನೂ ಕೊಟ್ಟ. "ಕಲ್ಲು ಯಾಕೆ ತೆಗೀಬೇಕಾಯ್ತು ಅಂತ ಫೋಟೊದಲ್ಲೇ ಕಾಣ್ಸುತ್ತೆ, ನೋಡಿ," ಎಂದ. ಲೆನ್ಸಿನ ಮುಂದೆ ಕಿತ್ತಳೆ ಬಣ್ಣದ ಗಾಜೊಂದು ಸಿಕ್ಕಿಸಿತ್ತು. ನೀಲಿ ಬೆಳಕನ್ನು ತಡೆದು, ಹವಳದ ನಿಜ ಬಣ್ಣ ಹಿಡಿಯುವುದಕ್ಕೆ ಅದು. ಅದನ್ನು ತೆಗೆಯಬೇಡಿ, ಧೂಳು ಹಿಡಿಯುತ್ತೆ ಎಂದು ಬೇಡಿಕೊಂಡ. ಹವಳ ಸಾಕಲು ಪರವಾನಗಿ ಇದೆಯೇ ಎಂದು ಅರಣ್ಯ ಇಲಾಖೆಗೂ ನೀಲಿಮಾ ಒಂದು ಪತ್ರ ಬರೆದಳು. ಅದು ಅದರ ದಾರಿಯಲ್ಲಿ ಹೋಯಿತು.

ಗುರುವಾರ, ಜುಲೈ 17. ಠಾಣೆಯ ಹಿಂದಿನ ಕೋಣೆಯಲ್ಲಿ ನೀಲಿಮಾ ಮತ್ತು ದೇವಾನಂದ ಫೋಟೊ ನೋಡಲು ಕೂತರು.

ಎಲ್ಲವೂ ಒಂದೇ ಜಾಗದಿಂದ ತೆಗೆದವು. ವಾರಕ್ಕೊಂದು, ಪ್ರತಿ ಭಾನುವಾರ. ಮೊದಲನೆಯದರಲ್ಲಿ ಬರೀ ಕಲ್ಲು, ಮರಳು, ನಡುವೆ ಆ ಕಮಾನು. ಆಮೇಲೆ ಕಲ್ಲಿನ ಮೇಲೆ ಒಂದು ಚುಕ್ಕೆ. ಚುಕ್ಕೆ ಬೆರಳಾಯಿತು, ಬೆರಳು ಕೈಯಾಯಿತು. ಮೀನೊಂದು ಬಂತು, ದೊಡ್ಡದಾಯಿತು, ಒಂದು ಭಾನುವಾರ ಇಲ್ಲವಾಯಿತು. ಗುಂಡಿ ಒತ್ತಿ ಹಿಡಿದರೆ ಹವಳ ಉಸಿರಾಡುತ್ತ ಬೆಳೆಯುವುದು ಕಾಣುತ್ತಿತ್ತು, ಮತ್ತು ಅಷ್ಟರ ನಡುವೆ ಕಮಾನು ಮಾತ್ರ ಕದಲದೆ ನಿಂತಿತ್ತು. ಯಾವ ಚಿತ್ರದಲ್ಲೂ ನೀರಿನ ಮೇಲೆ ಅಲೆಯಿಲ್ಲ. ಫೋಟೊ ತೆಗೆಯುವ ಮುಂಚೆ ಪಂಪು ನಿಲ್ಲಿಸಿ ನೀರು ಸ್ತಬ್ಧವಾಗುವವರೆಗೆ ಕಾಯಬೇಕು, ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಬೇಕು, ಇಲ್ಲವಾದರೆ ಗಾಜಿನಲ್ಲಿ ತೆಗೆಯುವವನೇ ಮೂಡುತ್ತಾನೆ ಎಂದು ಅಶ್ವಿತ್ ಹೇಳಿದ್ದ. ಇಷ್ಟು ಚಿತ್ರಗಳಲ್ಲಿ ಮಿಥುನ ಎಲ್ಲೂ ಇರಲಿಲ್ಲ. ಯಾರೂ ಇರಲಿಲ್ಲ.

"ಮನಷಾರ ಇಲ್ಲದ ಆಲ್ಬಮ್," ಎಂದ ದೇವಾನಂದ. "ನನ್ನ ಮದವಿ ಆಲ್ಬಮ್‌ನಾಗ ಮನಷಾರ ಬಿಟ್ರ ಏನೂ ಇಲ್ಲ."

"ಮುಂದಿಂದು ತೆಗಿ."

ಕೊನೆಯ ಚಿತ್ರ ಭಾನುವಾರದ್ದಲ್ಲ. ಸೋಮವಾರ, ಬೆಳಿಗ್ಗೆ ಎಂಟು ಗಂಟೆಯದು. ಕಮಾನು ತೆಗೆದ ಮೇಲಿನ ಖಾಲಿ ಜಾಗವನ್ನು ಹಿಡಿದಿಟ್ಟ ಚಿತ್ರ. ಅದು ಕೆಟ್ಟ ಫೋಟೊ. ಎಡಗಡೆ ಇಡೀ ಬಿಳಿಚಿಕೊಂಡಿತ್ತು. ಪರದೆ ಎಳೆದಿರಲಿಲ್ಲ, ಬಾಲ್ಕನಿಯ ಬಾಗಿಲು ಪೂರ್ತಿ ತೆರೆದಿತ್ತು, ಮಳೆಗಾಲದ ಬೆಳಕು ಗಾಜಿಗೆ ಬಡಿದಿತ್ತು.

"ನಿಂದರಸು. ದೊಡ್ಡದ ಮಾಡು," ಎಂದಳು ನೀಲಿಮಾ.

ಗಾಜಿನಲ್ಲಿ, ಹವಳಗಳ ಮೇಲೆ ತೇಲುವಂತೆ ಒಬ್ಬ ಮನುಷ್ಯ ಮೂಡಿದ್ದ. ಕ್ಯಾಮೆರಾದ ಹಿಂದೆ ಬಗ್ಗಿದ್ದಾನೆ. ಮೊಣಕೈವರೆಗೆ ಕೈಗವಸು. ಮೂಗು ಬಾಯಿಗೆ ಎರಡು ಗುಂಡು ಡಬ್ಬಿಗಳಿರುವ ದಪ್ಪ ಮುಸುಕು, ಬಣ್ಣ ಹೊಡೆಯುವವರು ಹಾಕಿಕೊಳ್ಳುವಂಥದ್ದು. ಹಣೆಯ ಮೇಲೆ ಎತ್ತಿಟ್ಟ ಕನ್ನಡಕ.

ಅವನ ಹಿಂದೆ, ಸ್ವಲ್ಪ ಬಲಕ್ಕೆ, ಒಬ್ಬ ಹೆಂಗಸು. ಅವಳ ಕೈಯ ಬಕೆಟ್ಟಿನ ಅಂಚಿನ ಮೇಲೆ ಕಮಾನಿನ ಬಾಗು ಇಣುಕಿದೆ. ಹಿಡಿದ ಕೈ ಬರಿಗೈ. ಮುಖಕ್ಕೆ ಏನೂ ಇಲ್ಲ.

ಹೊರಗೆ ಯಾರೋ ಕಳೆದುಹೋದ ಬೈಕಿನ ನಂಬರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಮಿಥುನನನ್ನು ಕರೆಸಿದರು. ಇಂಪನಾಳನ್ನೂ ಹೇಳಿಕೆಗೆ ಕರೆದಿದ್ದರಿಂದ ಅವಳೂ ಬಂದಳು. ಅಣ್ಣ ಅಭಿಲಾಷ ಚಿನ್ನುವನ್ನು ಎತ್ತಿಕೊಂಡು ಹೊರಗೆ ಕಾರಿನಲ್ಲಿ ಕೂತ. ನೀಲಿಮಾ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದಳು.

"ಇದ್ಯಾರು?"

ಮಿಥುನ ನೋಡಿದ. "ನಾನು."

"ಮುಖಕ್ಕೇನು?"

"ಮಾಸ್ಕ್."

"ಹಿಂದ ಯಾರು?"

ಇಂಪನಾ ಪರದೆಯ ಹತ್ತಿರ ಬಗ್ಗಿದಳು. ಬಹಳ ಹೊತ್ತು ನೋಡಿದಳು.

"ಚಿನ್ನೂಗೆ ವೀಸಿಂಗ್ ಜಾಸ್ತಿ ಆಗಿದೆ, ಅಣ್ಣನ ಮನೇಲಿ ಎರಡು ದಿನ ಇದ್ದು ಬಾ ಅಂದ್ಯಲ್ಲ," ಎಂದಳು. ದನಿ ಏರಿರಲಿಲ್ಲ. "ಇದಕ್ಕಾ?"

"ಇಂಪು..."

"ಇದಕ್ಕಾ ಅಂತ ಕೇಳ್ದೆ."

"ತೆಗೆಯೋವಾಗ ಸಿಡಿದ್ರೆ, ಮನೇಲಿ ಮಗು... ನಾನು ಸೇಫ್ ಆಗಿ ಮಾಡ್ಬೇಕು ಅಂತ..."

"ಅವರು ನಿಂತಿದಾರೆ ಮಿಥು. ನಿನ್ ಹಿಂದೇನೇ ನಿಂತಿದಾರೆ."

ಇಂಪನಾ ಎದ್ದು ಗೋಡೆಯ ಕಡೆ ಹೋಗಿ ನಿಂತಳು. ಠಾಣೆಯ ಗೋಡೆಗೆ ಹೊಸ ಕಲಂಗಳ ಪಟ್ಟಿ ಅಂಟಿಸಿತ್ತು. ಮರಾಠಿ ಓದಲು ಬಾರದ ಅವಳು ಅದನ್ನೇ ಓದುತ್ತಿರುವಂತೆ ನಿಂತಳು.

ನೀಲಿಮಾ ಕೇಳಿದಳು. "ಕುದಿಸಂತ ಹೇಳಿದ್ರೇನು?"

"ಹೇಳ್ದೆ."

"ಎಲ್ಲಿ?"

"ಹೊರಗಡೆ ಅಂತಾನೇ ಹೇಳಿದ್ದು ಮೇಡಂ. ನಿಮ್ಮನೇಲಿ ಹೊರಗಡೆ ಒಲೆ ಇದೆಯಲ್ಲ, ಅದ್ರ ಮೇಲೇ ಕುದಿಸಿ ಅಂತ ಎರಡು ಸಲ ಹೇಳಿದೀನಿ. ಗಾಳೀಲಿ ಹೋಗ್ಬಿಡುತ್ತೆ ಅನ್ಕೊಂಡೆ."

"ಹೊರಗ ಯಾಕಂತ ಅವ್ರಿಗೆ ಹೇಳಿದ್ರೇನು?"

ಅವನು ತನ್ನ ಅಂಗೈ ನೋಡಿಕೊಂಡ.

"ಹೇಳಿದ್ರೆ ತಗೊಂಡು ಹೋಗ್ತಿರ್ಲಿಲ್ಲ," ಎಂದ.

ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅದು ನೀಲಿಮಾಳಿಗೆ ಗೊತ್ತಿತ್ತು. ಫೋಟೊ ನಿಲ್ಲುತ್ತದೆ. ನಿರ್ಲಕ್ಷ್ಯದ ಕಲಂನ ಜೊತೆಗೆ ಕಲಂ 105, ಕೊಲೆಯಲ್ಲದ ಮಾನವ ಹತ್ಯೆ, ಸೇರಿತು. ಎರಡರ ನಡುವಿನ ವ್ಯತ್ಯಾಸ ಒಂದೇ, ತಿಳಿದಿತ್ತು ಎಂಬುದು. ಸಂಜೆ ನಾಲ್ಕು ನಲವತ್ತಕ್ಕೆ ಬಂಧನ. ಕಾರಣವನ್ನು ಓದಿ ಹೇಳಿ ಸಹಿ ತೆಗೆದುಕೊಂಡರು. ಬೆಲ್ಟು, ವಾಚು, ಫೋನು ಮೇಜಿನ ಮೇಲೆ ಬಂದವು.

ಒಯ್ಯುವ ಮುಂಚೆ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು. "ಸಂಜೆ ಟ್ಯಾಂಕ್‌ಗೆ ನೀರು ತುಂಬಿಸ್ಬೇಕು. ಪಂಪ್ ಆಫ್ ಮಾಡ್ಬೇಡ, ಒಂದೇ ರಾತ್ರೀಲಿ ಎಲ್ಲಾ ಹೋಗ್ಬಿಡುತ್ತೆ."

ಇಂಪನಾ ಗೋಡೆಯಿಂದ ತಿರುಗಲಿಲ್ಲ.

ಅದೇ ಕಲ್ಲು ಯಾಕೆ ಬೇಕಿತ್ತು ಎಂದು ನೀಲಿಮಾ ಲಾಕಪ್ಪಿನ ಕಂಬಿಯ ಈಚೆಯಿಂದ ಕೇಳಿದಳು. ತನಿಖೆಗೆ ಅದರ ಅಗತ್ಯವಿರಲಿಲ್ಲ.

ತಂದೆ ಅನಂತರಾಮು ಎಂದು ಹೇಳಿದ ಮಿಥುನ. ಹಾಸನದಲ್ಲಿ ಸ್ಟುಡಿಯೋ ಇತ್ತು. ಪ್ರತಿ ಯುಗಾದಿಗೆ ಮನೆಯವರನ್ನೆಲ್ಲ ಅದೇ ಬೆಂಚಿನ ಮೇಲೆ, ಅದೇ ಜಾಗದಲ್ಲಿ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಎಲ್ಲ ಒಂದೇ ಕಡೆ ನಿಂತಿದ್ದರೆ ಮಾತ್ರ ಯಾವುದು ಬದಲಾಯಿತು ಅಂತ ಕಾಣುತ್ತೆ ಎನ್ನುತ್ತಿದ್ದರು. ಕೊರೊನಾದ ವರ್ಷ ಪುಣೆಗೆ ಬಂದವರು ಮಗನ ತೊಟ್ಟಿಗೆ ತಾವೇ ಕಲ್ಲು ಜೋಡಿಸಿದರು. ನಡುವೆ ಕಮಾನು ಇಟ್ಟರು, ಕಣ್ಣಿಗೆ ಒಂದು ಬಾಗಿಲು ಬೇಕು ಎಂದು. ಮುಕ್ಕಾಲಿ ನಿಲ್ಲಿಸಿ ನೆಲಕ್ಕೆ ಟೇಪು ಅಂಟಿಸಿದರು. ಮೊದಲ ಕೆಲವು ಭಾನುವಾರ ಅವರೇ ತೆಗೆದರು. ಗಾಜಿನಲ್ಲಿ ನೀನು ಕಾಣಬಾರದು ಎಂದು ಹೇಳಿಕೊಟ್ಟರು. ಮರುವರ್ಷ ಎರಡನೇ ಅಲೆಯಲ್ಲಿ ಅವರು ಹೋದರು. ಆಸ್ಪತ್ರೆಯವರು ಮುಖ ತೋರಿಸಲಿಲ್ಲ.

"ಆ ಕಲ್ಲು ತೆಗೆದ್ರೆ ಅವರು ಇಟ್ಟಿದ್ದು ಏನೂ ಉಳಿಯಲ್ಲ," ಎಂದ. "ಬೇರೆ ತರ ಕ್ಲೀನ್ ಮಾಡೋಕೆ ವಾರಗಟ್ಟಲೆ ಬೇಕು. ಭಾನುವಾರಕ್ಕೆ ಅದು ಅಲ್ಲೇ ಇರ್ಬೇಕಿತ್ತು."

ನೀಲಿಮಾ ಕೇಸ್ ಡೈರಿಯಲ್ಲಿ ಇದನ್ನು ಎರಡು ಸಾಲಿನಲ್ಲಿ ಬರೆದಳು. ಮೂರನೆಯದೊಂದು ಬರೆದು ಅಳಿಸಿದಳು.

ಶುಕ್ರವಾರ ಬೆಳಿಗ್ಗೆ ಒಂದು ಕೆಲಸ ಬಾಕಿ ಇತ್ತು. ಚಿತ್ರದಲ್ಲಿರುವ ಹೆಂಗಸು ಸಕ್ಕುಬಾಯಿಯೇ ಎಂದು ಮನೆಯವರು ಗುರುತಿಸಬೇಕು. ದುರ್ಗಾ ಇನ್ನೂ ವಾರ್ಡಿನಲ್ಲಿದ್ದುದರಿಂದ ನೀಲಿಮಾ ಲ್ಯಾಪ್‌ಟಾಪನ್ನು ಅಲ್ಲಿಗೇ ಒಯ್ದಳು. ಮುಸುಕು ತೆಗೆದಿದ್ದರು. ಅವ್ವಣ್ಣ ಮಂಚದ ಕಾಲದೆಸೆಯಲ್ಲಿ, ಕೂತರೆ ತಪ್ಪಾದೀತು ಎಂಬಂತೆ ನಿಂತಿದ್ದ. ಕಲ್ಲವ್ವ ಡಬ್ಬಿಯೊಂದನ್ನು ತೆರೆದು ದುರ್ಗಾಳ ಮುಂದೆ ಹಿಡಿದಿದ್ದಳು.

"ಉಣ್ಣು. ಗಂಜಿ ಅದ. ನನ್ನ ಮಾರಿ ಏನ ನೋಡ್ತಿ?"

ದುರ್ಗಾ ಚಮಚ ತೆಗೆದುಕೊಂಡಳು. ಕಲ್ಲವ್ವ ದೇವಾನಂದನ ಕಡೆ ತಿರುಗಿ, "ಆ ಕಾಗದ ಹರದ ಒಗೀಲಿಕ್ಕೆ ಬರ್ತದೇನ್ರಿ ಅಣ್ಣಾ, ನಾ ಬರಸಿದ್ದು?" ಎಂದಳು.

"ಬರೂದಿಲ್ಲ ಬಾಯಿ. ಅದ್ರ ಮ್ಯಾಲ ಇನ್ನೊಂದು ಬರಸಬಹುದು."

ಪರದೆಯಲ್ಲಿ ಚಿತ್ರ ತೆರೆದರು. ಗುರುತಿಸಲು ಕರೆಸಿದ್ದ ಲಾಲಪ್ಪನಿಗೆ ಮೊದಲು ಬರೀ ಬಣ್ಣ ಕಂಡಿತು. ನೀಲಿಮಾ ಬೆರಳಿಟ್ಟು ತೋರಿಸಿದಳು. ಅವನು ಹತ್ತಿರ ಬಂದ, ಸಿಮೆಂಟು ಹಿಡಿದ ಬೆರಳನ್ನು ಪರದೆಗೆ ಮುಟ್ಟಿಸಲು ಹೋಗಿ ಹಿಂದೆಗೆದ.

"ಹೌದ್ರಿ. ಅಕಿನೇ."

"ಸಹಿ ಮಾಡ್ರಿ ಕಾಕಾ."

ಅವನು ಹೆಬ್ಬೆಟ್ಟು ಒತ್ತಿದ. ಆದರೆ ಪರದೆಯ ಮುಂದಿನಿಂದ ಸರಿಯಲಿಲ್ಲ. ಮನೆಯಲ್ಲಿ ಹೆಂಡತಿಯದು ಅಂತ ಇದ್ದದ್ದು ಆಧಾರ್ ಕಾರ್ಡಿನ ಚಿತ್ರ ಒಂದೇ, ಅದರಲ್ಲಿ ಅವಳು ಯಾರೋ ಬೈದಂತೆ ನೋಡುತ್ತಿದ್ದಳು.

"ಬಾಯಾರ," ಎಂದ. "ನೋಡ್ರಿಲ್ಲೆ."

ನೀಲಿಮಾ ಬಗ್ಗಿದಳು. ಆ ಚಿತ್ರವನ್ನು ಅವಳು ಎಷ್ಟು ಸಲ ನೋಡಿದ್ದಳೋ. ಮುಸುಕು ನೋಡಿದ್ದಳು, ಕೈಗವಸು ನೋಡಿದ್ದಳು, ಬಕೆಟ್ಟು ಹಿಡಿದ ಬರಿಗೈ ನೋಡಿದ್ದಳು. ಇನ್ನೊಂದು ಕೈಯನ್ನು ನೋಡಿರಲಿಲ್ಲ. ಅದು ಹೆಗಲ ಹತ್ತಿರ ಇತ್ತು, ಸೆರಗನ್ನು ಸರಿಮಾಡುತ್ತಿತ್ತು. ಸಕ್ಕುಬಾಯಿ ನೇರ ಗಾಜಿನೊಳಗೆ ನೋಡುತ್ತ, ತುಟಿ ಬಿಗಿ ಹಿಡಿದು ಸಣ್ಣಗೆ ನಗುತ್ತಿದ್ದಳು.

"ತನ್ನ ಫೋಟೊನs ತಗೀಲಿಕ್ಹತ್ಯಾರ ಅಂತ ತಿಳಕೊಂಡಾಳ," ಎಂದ ಲಾಲಪ್ಪ.